ಕಣಿವೆ ತೋಟದ ಸೆನ್ಸರ್ ಜಾಲ: ಕೇಂದ್ರವನ್ನು ಎಲ್ಲಿಡಬೇಕು?

ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮಾಲತಿ ನದಿಗೆ ಹೋಗಿ ಸೇರುವ ಹಳ್ಳವೊಂದರ ಎರಡೂ ದಂಡೆಗೆ ಹಬ್ಬಿರುವ ಚಿಕ್ಕಪ್ಪನವರ ಅಡಿಕೆ ತೋಟಕ್ಕೆ ನಿಸ್ತಂತು ಸೆನ್ಸರ್ ಜಾಲವೊಂದನ್ನು ಕಟ್ಟಿದ ಕೆಲಸದ ವಿವರ ಇಲ್ಲಿದೆ. ಮಣ್ಣಿನ ತೇವಾಂಶ ಅಳೆಯುವ 7 ಪೆಟ್ಟಿಗೆಗಳು, ಒಂದು ಮಳೆಮಾಪಕ, ಹಳ್ಳದ ನೀರಿನ ಮಟ್ಟ ನೋಡುವ ಒಂದು ಸಾಧನ, ಸ್ಪ್ರಿಂಕ್ಲರ್ ಲೈನುಗಳ ಎರಡು ವಾಲ್ವ್‌ಗಳು ಮತ್ತು ಪಂಪ್‌ಹೌಸಿನ ನಿಯಂತ್ರಕ, ಹೀಗೆ ಒಟ್ಟು 12 ಸಾಧನಗಳು ಒಂದಕ್ಕೊಂದು ಮಾತಾಡಬೇಕಿತ್ತು. ಬಿಡಿಭಾಗಗಳನ್ನು ಆರಿಸುವುದು ಕಷ್ಟವಾಗಲಿಲ್ಲ. ಯಾವುದು ಯಾವುದರೊಂದಿಗೆ ನೇರವಾಗಿ ಮಾತಾಡಬೇಕು, ಯಾವುದು ಮತ್ತೊಂದರ ಮೂಲಕ ಮಾತಾಡಬೇಕು, ಎಲ್ಲರ ಮಾತನ್ನು ಕೇಳಿಸಿಕೊಳ್ಳುವ ಕೇಂದ್ರ ಎಲ್ಲಿರಬೇಕು ಎಂಬುದೇ ನಿಜವಾದ ಕೆಲಸ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಅದಕ್ಕೇ ಮೀಸಲು.

ಮೊದಲು ಜಾಗದ ಪರಿಚಯವಾಗಬೇಕು. ಮಲೆನಾಡಿನ ಹಳೆಯ ತೋಟಗಳಂತೆ ಇದೂ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿದೆ. ಉದ್ದ ಸುಮಾರು 600 ಮೀಟರ್. ಅಗಲ ಕೆಲವೆಡೆ 60 ಮೀಟರನ್ನೂ ಮೀರುವುದಿಲ್ಲ. ಪೂರ್ವದ ತುದಿಯಲ್ಲಿ ಮನೆ ಮತ್ತು ಅಂಗಳ. ಅರ್ಧ ದಾಟಿ ಮುಂದೆ ಹೋದ ಮೇಲೆ ಗುಡ್ಡದ ಒಂದು ಮೂಗು ಕಣಿವೆಯೊಳಕ್ಕೆ ಚಾಚಿಕೊಂಡಿದ್ದು, ತೋಟ ಅಲ್ಲಿ ಬಲಕ್ಕೆ ತಿರುಗುತ್ತದೆ. ಪಂಪ್‌ಹೌಸ್ ಇರುವುದು ಆ ತಿರುವಿನ ಆಚೆ, ಹಳ್ಳದ ದಂಡೆಯಲ್ಲಿ. ಮನೆಯ ಹಿಂದಿನ ಸೊಪ್ಪಿನ ಬೆಟ್ಟದ ಅಂಚಿನಲ್ಲಿ, ಕಣಿವೆಯ ತಳದಿಂದ ಸುಮಾರು 30 ಮೀಟರ್ ಎತ್ತರದಲ್ಲಿ, ನೀರಿನ ಟ್ಯಾಂಕ್ ಇದೆ. ಹಳ್ಳದ ನೀರು ಪಂಪಿನಿಂದ ಅಲ್ಲಿಗೆ ಏರಿ, ಅಲ್ಲಿಂದ ತನ್ನ ಭಾರದಲ್ಲೇ ತೋಟಕ್ಕೆ ಇಳಿಯುತ್ತದೆ. ವಿದ್ಯುತ್ ಇರುವುದು ಮನೆಯಲ್ಲಿ ಮತ್ತು ಪಂಪ್‌ಹೌಸಿನಲ್ಲಿ ಮಾತ್ರ.

ಚಿಕ್ಕಪ್ಪನವರ ಬೇಡಿಕೆ ಸರಳವಾಗಿತ್ತು: "ತ್ರೀ ಫೇಸ್ ಯಾವ ಹೊತ್ತಿಗೆ ಬಂದರೂ ಟಾರ್ಚು ಹಿಡಿದು ಹಳ್ಳಕ್ಕೆ ಇಳಿಯುವುದು ತಪ್ಪಿದರೆ ಸಾಕು ಮಾರಾಯ, ಉಳಿದದ್ದೆಲ್ಲ ನಿನ್ನ ಇಷ್ಟ." ಆದರೆ ಬೇಸಿಗೆಯಲ್ಲಿ ನೀರು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ತಿಳಿಯದೆ ಪಂಪನ್ನು ದೂರದಿಂದ ಚಾಲೂ ಮಾಡಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಬಸಿಗಾಲುವೆ ಕಟ್ಟಿಕೊಂಡು ಮರದ ಬುಡದಲ್ಲಿ ನೀರು ನಿಂತರೆ ಅದೂ ಗೊತ್ತಾಗಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಟ್ಟ ಹೊತ್ತನ್ನು ನೋಡಿಕೊಳ್ಳಬೇಕಾದ ಊರಿನಲ್ಲಿ ಮಳೆಮಾಪಕವಂತೂ ಬೇಕೇ ಬೇಕು.

ತಂತಿ ಎಳೆಯುವ ದಾರಿಯನ್ನು ಮೊದಲು ಪರಿಶೀಲಿಸಿದೆ. ಆರ್‌ಎಸ್-485 ಎಂಬ ಬಸ್ (ಒಂದೇ ತಂತಿಯನ್ನು ಎಲ್ಲ ಸಾಧನಗಳೂ ಹಂಚಿಕೊಳ್ಳುವ) ಪದ್ಧತಿಯಲ್ಲಿ ಒಂದು ಜೊತೆ ಹೆಣೆದ ತಂತಿಯ ಮೇಲೆ 32 ಸಾಧನಗಳನ್ನು ಸಾಲಾಗಿ ಕೂರಿಸಬಹುದು. ಕಡಿಮೆ ವೇಗದಲ್ಲಿ 1200 ಮೀಟರ್ ದೂರದವರೆಗೂ ಅದು ಕೆಲಸ ಮಾಡುತ್ತದೆ. ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಕಟ್ಟಿದರೆ ಸಾಕು. ಕಾಗದದ ಮೇಲೆ ಈ ಉದ್ದನೆಯ ತೋಟಕ್ಕೆ ಇದಕ್ಕಿಂತ ಒಪ್ಪುವ ವಿನ್ಯಾಸ ಇನ್ನೊಂದಿಲ್ಲ. ಆದರೆ ಬಸ್ಸಿನ ತಂತಿ ಎಲ್ಲಿ ತುಂಡಾಗುತ್ತದೆಯೋ ಅದರಾಚೆಯ ಎಲ್ಲವೂ ಒಮ್ಮೆಗೇ ಮೌನವಾಗುತ್ತವೆ. ಕಾಡುಹಂದಿ ನೆಲ ಉಳುವ, ಮುಳ್ಳುಹಂದಿ ಪೈಪನ್ನೇ ಕಡಿಯುವ, ವರ್ಷಕ್ಕೊಮ್ಮೆ ಗುದ್ದಲಿ ಹಿಡಿದು ಬಸಿಗಾಲುವೆ ಬಿಡಿಸುವ ಜಾಗದಲ್ಲಿ 600 ಮೀಟರ್ ತಂತಿಯನ್ನು ಕಾಯುವುದು ಸಾಧ್ಯವಿಲ್ಲ. ಅದಕ್ಕಿಂತ ದೊಡ್ಡ ಭಯ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯದು. ಸಿಡಿಲು ಹತ್ತಿರದಲ್ಲೆಲ್ಲೋ ಬಡಿದರೂ ಅಷ್ಟುದ್ದದ ತಂತಿಯಲ್ಲಿ ಹುಟ್ಟುವ ವೋಲ್ಟೇಜ್ ಅದಕ್ಕೆ ಕಟ್ಟಿದ ಪ್ರತಿಯೊಂದು ಸಾಧನವನ್ನೂ ತಲುಪುತ್ತದೆ. ಹೀಗಾಗಿ ಬಸ್ಸನ್ನು ಪಂಪ್‌ಹೌಸಿನ ನಾಲ್ಕು ಗೋಡೆಗಳೊಳಗೆ ಮಾತ್ರ ಉಳಿಸಿಕೊಂಡೆ. ಅಲ್ಲಿ ಮೂರು ಫೇಸಿನ ಮೀಟರ್ ಮತ್ತು ನಿಯಂತ್ರಕದ ನಡುವಿನ ಎರಡು ಮೀಟರ್ ತಂತಿಗೆ ಅದು ತಕ್ಕದ್ದೇ.

ಮೆಶ್ ಜಾಲದ ಬಗ್ಗೆ ಹೆಚ್ಚು ಹೊತ್ತು ಯೋಚಿಸಿದೆ, ಏಕೆಂದರೆ ಯಾರನ್ನು ಕೇಳಿದರೂ ಮೊದಲು ಬರುವ ಸಲಹೆ ಅದೇ. ಅದರಲ್ಲಿ ಪ್ರತಿ ನೋಡೂ (ಅಂದರೆ ಜಾಲದ ಪ್ರತಿಯೊಂದು ಸಾಧನವೂ) ಪಕ್ಕದ ನೋಡಿನ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ. ಒಂದು ಕೆಟ್ಟರೆ ಸಂದೇಶ ಬೇರೆ ದಾರಿ ಹಿಡಿಯುತ್ತದೆ. 12 ನೋಡುಗಳು ಪರಸ್ಪರ ಎಲ್ಲದಕ್ಕೂ ಕೇಳಿಸುವಂತಿದ್ದರೆ 66 ಕೊಂಡಿಗಳಾಗುತ್ತವೆ, ಆಗ ಒಂದೆರಡು ಹೋದರೆ ಯಾರಿಗೂ ತೊಂದರೆಯಿಲ್ಲ. ಈ ವಾದ ನಾಲ್ಕೂ ದಿಕ್ಕಿಗೆ ಹರಡಿದ ಬಯಲಿನ ಹೊಲಕ್ಕೆ ಅಥವಾ ಅನೇಕ ಕೋಣೆಗಳಿರುವ ಕಟ್ಟಡಕ್ಕೆ ಸರಿಯಾದುದು. ನಮ್ಮ ಕಣಿವೆಯಲ್ಲಿ ನೋಡುಗಳು ಸಾಲಾಗಿ ನಿಂತಿವೆ. ಒಂದು ನೋಡಿಗೆ ಚೆನ್ನಾಗಿ ಕೇಳಿಸುವುದು ಅದರ ಮೇಲಿನದು ಮತ್ತು ಕೆಳಗಿನದು ಮಾತ್ರ. ಬಳಸಿಕೊಂಡು ಹೋಗಲು ಪಕ್ಕದ ದಾರಿಯೇ ಇಲ್ಲದ ಮೇಲೆ ಮೆಶ್ ಎಂಬುದು ಹೆಸರಿಗೆ ಮಾತ್ರ; ನೆಲದ ಮೇಲೆ ಅದು ಸರಪಳಿಯೇ. ಗಾಳಿಗೆ ಒಂದು ಮರ ಉರುಳಿ ನಡುವಿನ ಪೆಟ್ಟಿಗೆ ಜಜ್ಜಿಹೋದರೆ ಬಸ್ಸಿನ ತಂತಿ ತುಂಡಾದಾಗ ಆಗುವುದೇ ಇಲ್ಲಿಯೂ ಆಗುತ್ತದೆ.

ಇನ್ನೊಂದು ಕಾರಣ ವಿದ್ಯುತ್ತಿನದು, ಮತ್ತು ಅದೇ ನನ್ನ ಪಾಲಿಗೆ ನಿರ್ಣಾಯಕವಾಯಿತು. ಮತ್ತೊಬ್ಬರ ಸಂದೇಶವನ್ನು ದಾಟಿಸಬೇಕಾದ ನೋಡ್ ಸದಾ ಎಚ್ಚರವಾಗಿ ಕೇಳುತ್ತಿರಬೇಕು. ನಾನು ಬಳಸಿದ ಎಸ್‌ಎಕ್ಸ್1276 ಚಿಪ್ಪಿನ ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಚಿಕ್ಕ ಸಂದೇಶ ಕಳಿಸುವ) ರೇಡಿಯೊ ಕೇಳುವಾಗ ಸುಮಾರು 11 ಮಿಲಿಆಂಪ್ ಎಳೆಯುತ್ತದೆ. ದಿನಕ್ಕೆ 264 ಮಿಲಿಆಂಪ್-ಅವರ್. ಅಂದರೆ 3000 ಮಿಲಿಆಂಪ್-ಅವರ್‌ನ ಒಂದು 18650 ಲಿಥಿಯಂ ಸೆಲ್ ರೇಡಿಯೊ ಒಂದಕ್ಕೇ ಹನ್ನೊಂದು ದಿನ ಬರುತ್ತದೆ. ಅದೇ ನೋಡ್ ನಿದ್ರಿಸುತ್ತಿದ್ದು, ಕಾಲು ಗಂಟೆಗೊಮ್ಮೆ ಎದ್ದು, 12 ಬೈಟ್ ಕಳಿಸಿ ಮತ್ತೆ ಮಲಗಿದರೆ ಲೆಕ್ಕ ಬೇರೆ. ಒಂದು ಸಂದೇಶಕ್ಕೆ 144 ಮಿಲಿಸೆಕೆಂಡ್, ಪೂರ್ಣ ಶಕ್ತಿಯಲ್ಲಿ 120 ಮಿಲಿಆಂಪ್, ದಿನಕ್ಕೆ 96 ಸಂದೇಶ. ಎಲ್ಲ ಸೇರಿ ಅರ್ಧ ಮಿಲಿಆಂಪ್-ಅವರ್‌ಗಿಂತ ಕಡಿಮೆ. ನಿದ್ರೆಯಲ್ಲಿನ ಸೋರಿಕೆಯನ್ನು ಸೇರಿಸಿದರೂ ದಿನಕ್ಕೆ ಒಂದರ ಆಸುಪಾಸು. 264 ಎಲ್ಲಿ, 1 ಎಲ್ಲಿ! ಅಡಿಕೆ ಮರಗಳ ಕೆಳಗೆ ಸೌರಫಲಕಕ್ಕೆ ಬೇಸಿಗೆಯಲ್ಲೇ ಬಿಸಿಲು ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲವೆಂದೇ ಹೇಳಬೇಕು. ಜಿಗ್‌ಬೀ ಪದ್ಧತಿಯಲ್ಲಿಯೂ ಸಂದೇಶ ದಾಟಿಸುವ ರೂಟರ್‌ಗಳು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆಯುತ್ತವೆ ಎಂಬ ನಿರೀಕ್ಷೆಯೇ ಇರುತ್ತದೆ. ತುದಿಯ ಸಾಧನಗಳಿಗೆ ಮಾತ್ರ ನಿದ್ರೆಯ ಅವಕಾಶ. ತೋಟದಲ್ಲಿ ಗೋಡೆಯೂ ಇಲ್ಲ, ಪ್ಲಗ್ಗೂ ಇಲ್ಲ.

ಹಾಗಾಗಿ ಸ್ಟಾರ್ ವಿನ್ಯಾಸಕ್ಕೆ ಬಂದೆ: ಎಲ್ಲ ನೋಡುಗಳೂ ಒಂದೇ ಕೇಂದ್ರಕ್ಕೆ ನೇರವಾಗಿ ಮಾತಾಡುತ್ತವೆ, ಉಳಿದ ಹೊತ್ತು ಮಲಗುತ್ತವೆ, ಒಂದು ಕೆಟ್ಟರೆ ಅದೊಂದೇ ಕೆಡುತ್ತದೆ. ವಿದ್ಯುತ್ತೂ ಇಂಟರ್ನೆಟ್ಟೂ ಮನೆಯಲ್ಲೇ ಇರುವುದರಿಂದ ಕೇಂದ್ರವನ್ನು ಮನೆಯ ಮಾಳಿಗೆಯಲ್ಲಿಡುವುದು ಯಾರಿಗಾದರೂ ಸಹಜವಾಗಿ ಹೊಳೆಯುವ ಯೋಚನೆ. ಅದನ್ನು ಒಪ್ಪುವ ಮೊದಲು ಅಳತೆ ಮಾಡಿದೆ. ಬ್ಯಾಟರಿ ಕಟ್ಟಿದ ಒಂದು ಪರೀಕ್ಷಾ ನೋಡನ್ನು ಹಿಡಿದು ತೋಟದ ಉದ್ದಕ್ಕೂ ನಡೆಯುತ್ತ, ಮಾಳಿಗೆಯಲ್ಲಿಟ್ಟ ರಿಸೀವರಿನಲ್ಲಿ ಸಿಗ್ನಲಿನ ಬಲವನ್ನು ಬರೆದುಕೊಂಡೆವು. ಮೊದಲ 200 ಮೀಟರಿಗೆ ಅಡ್ಡಿಯೇನೂ ಕಾಣಲಿಲ್ಲ. 400 ಮೀಟರ್ ದಾಟುತ್ತಲೇ ಸಿಗ್ನಲ್ -118 ಡಿಬಿಎಂ ಆಸುಪಾಸಿಗೆ ಕುಸಿಯಿತು (ಡಿಬಿಎಂ ಸಿಗ್ನಲಿನ ಬಲದ ಅಳತೆ; ಸೊನ್ನೆಯಿಂದ ಕೆಳಗೆ ಇಳಿದಷ್ಟೂ ಕ್ಷೀಣ). ತಿರುವಿನ ಆಚೆ ಏನೂ ಬರಲಿಲ್ಲ. 14 ಡಿಬಿಎಂ ಶಕ್ತಿಯಲ್ಲಿ ಕಳಿಸಿದ 866 ಮೆಗಾಹರ್ಟ್ಸ್‌ನ ಅಲೆ ಅಡೆತಡೆಯಿಲ್ಲದ ಬಯಲಿನಲ್ಲಿ 500 ಮೀಟರ್ ಸಾಗಿದರೆ ಲೆಕ್ಕದ ಪ್ರಕಾರ -71 ಡಿಬಿಎಂ ಇರಬೇಕು. ಪ್ರತಿ 3 ಡೆಸಿಬೆಲ್‌ಗೆ ಶಕ್ತಿ ಅರ್ಧವಾಗುತ್ತದೆ ಎಂಬುದನ್ನು ನೆನೆದರೆ, ಈ 45ಕ್ಕೂ ಹೆಚ್ಚು ಡೆಸಿಬೆಲ್ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಅದನ್ನು ನುಂಗಿದ್ದು ಹಸಿರು ಮತ್ತು ನೆಲ.

ಹೇಗೆ ನುಂಗಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಡಿಯೊ ಅಲೆ ಎರಡು ಆಂಟೆನಾಗಳ ನಡುವೆ ದಾರದಂತೆ ಹೋಗುವುದಿಲ್ಲ. ನಡುವೆ ಉಬ್ಬಿದ ಒಂದು ಜಾಗ ಅದಕ್ಕೆ ಖಾಲಿ ಬೇಕು. 866 ಮೆಗಾಹರ್ಟ್ಸ್‌ನಲ್ಲಿ 500 ಮೀಟರ್ ದೂರಕ್ಕೆ ಆ ಉಬ್ಬಿನ ತ್ರಿಜ್ಯ ನಡುಮಧ್ಯದಲ್ಲಿ ಸುಮಾರು 6.5 ಮೀಟರ್. ನಾಲ್ಕು ಮೀಟರ್ ಎತ್ತರದ ಆಂಟೆನಾದಿಂದ ಹೊರಟ ಅಲೆಗೆ ಕೆಳಗೆ ನೆಲ ತಾಗುತ್ತದೆ, ಮೇಲೆ ಸೋಗೆ ತಾಗುತ್ತದೆ, ನಡುವೆ 2.7 ಮೀಟರಿಗೊಂದರಂತೆ ಮೆಣಸಿನ ಬಳ್ಳಿ ಹಬ್ಬಿದ ಮರಗಳು. ಒಂದರಿಂದ ಮೂರು ಮೀಟರ್ ಎತ್ತರದಲ್ಲಿ ಬಾಳೆ ಮತ್ತು ಏಲಕ್ಕಿಯ ಎಲೆಗಳು. ಅವೆಲ್ಲ ನೀರು ತುಂಬಿದ ಎಲೆಗಳು. ಅಲೆಯ ಶಕ್ತಿಯನ್ನು ಹೀರುವುದರಲ್ಲಿ ನೀರನ್ನು ಮೀರಿಸುವುದು ತೋಟದಲ್ಲಿ ಬೇರೇನೂ ಇಲ್ಲ. ಎಸ್‌ಎಫ್12 ಎಂಬ ಅತಿ ನಿಧಾನದ ಸೆಟ್ಟಿಂಗಿನಲ್ಲಿ ಅಲ್ಲೊಂದು ಇಲ್ಲೊಂದು ಸಂದೇಶ ದಾಟಿತು ನಿಜ. ಆದರೆ ಆಗ ಅದೇ 12 ಬೈಟಿಗೆ 1.15 ಸೆಕೆಂಡ್ ಬೇಕು. ಬ್ಯಾಟರಿಯ ಖರ್ಚು ಎಂಟು ಪಟ್ಟು. ಜಾಗ ತಪ್ಪಿದ ಕೇಂದ್ರದ ದಂಡವನ್ನು ಪ್ರತಿ ನೋಡಿನ ಬ್ಯಾಟರಿಯಿಂದ ಕಟ್ಟಿಸುವುದು ಸರಿಯೆನಿಸಲಿಲ್ಲ.

ಇಲ್ಲಿ ದೋಟಿ, ಅಂದರೆ ಉದ್ದನೆಯ ಕೋಲು, ನೆರವಿಗೆ ಬಂತು. ಈಗ ಅಡಿಕೆಯ ಕೊನೆ (ಗೊಂಚಲು) ಇಳಿಸಲು, ಔಷಧಿ ಹೊಡೆಯಲು ಬಳಸುವ ಕಾರ್ಬನ್ ಫೈಬರ್ ದೋಟಿ 60 ಅಡಿಗೂ ಮೇಲಕ್ಕೆ ಏರುತ್ತದೆ. ಅದರ ತುದಿಗೆ ಪರೀಕ್ಷಾ ನೋಡನ್ನು ಕಟ್ಟಿ ಒಂದೇ ಜಾಗದಲ್ಲಿ ಬೇರೆ ಬೇರೆ ಎತ್ತರಕ್ಕೆ ಏರಿಸುತ್ತ ಅಳತೆ ಮಾಡಿದೆವು. ಕಾರ್ಬನ್ ಫೈಬರ್ ವಿದ್ಯುತ್ ವಾಹಕವಾದ್ದರಿಂದ ಆಂಟೆನಾ ಅದಕ್ಕೆ ಅಂಟಿಕೊಂಡಿದ್ದರೆ ಅಳತೆ ಕೆಡುತ್ತದೆ. ಹಾಗಾಗಿ ತುದಿಯಲ್ಲಿ ಅರ್ಧ ಮೀಟರ್ ಪಿವಿಸಿ ಪೈಪ್ ಸೇರಿಸಿ, ಅದರ ಮೇಲೆ ನೋಡನ್ನು ಕೂರಿಸಿದೆ. ಇದನ್ನು ಮಾಡಬಯಸುವವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಅದೇ ಗುಣದಿಂದಾಗಿ ದೋಟಿ ವಿದ್ಯುತ್ ಲೈನಿನ ಹತ್ತಿರ ಸುಳಿದರೂ ಪ್ರಾಣಾಪಾಯ. ಲೈನ್ ಹಾದಿರುವ ಬದಿಯಲ್ಲಿ ಈ ಪರೀಕ್ಷೆಯನ್ನು ಮಾಡಲೇಬೇಡಿ. ದೋಟಿ ಹಿಡಿದ ಕೊನೆಗಾರರು ಒಂದೊಂದೇ ಭಾಗ ಬಿಚ್ಚಿ ಮೇಲೇರಿಸಿದಂತೆ ಸಿಗ್ನಲ್ ಒಂದು ಮಟ್ಟದವರೆಗೆ ನಿಧಾನವಾಗಿ ಸುಧಾರಿಸಿತು, ಸೋಗೆಯೊಳಗೆ ಹೊಕ್ಕಾಗ ತುಸು ಕುಗ್ಗಿತು, ತಲೆಗಳನ್ನು ದಾಟಿ ಮೇಲೆ ಬಂದದ್ದೇ ಒಮ್ಮೆಲೇ ಇಪ್ಪತ್ತಕ್ಕೂ ಹೆಚ್ಚು ಡೆಸಿಬೆಲ್ ಜಿಗಿಯಿತು.

ಹಾಗೆಂದು 12 ನೋಡಿಗೂ ಮರದೆತ್ತರದ ಕಂಬ ನೆಡಲಾಗದು. ಆದರೆ ಕೇಂದ್ರ ಒಂದೇ. ಅದನ್ನು ಎತ್ತರಕ್ಕೆ ಒಯ್ದರೆ ಎಲ್ಲ ನೋಡುಗಳಿಗೂ ಲಾಭ. ಟ್ಯಾಂಕಿನ ಪಕ್ಕದಲ್ಲಿ ಐದು ಮೀಟರ್ ಜಿಐ ಪೈಪ್ ನಿಲ್ಲಿಸಿದರೆ ಆಂಟೆನಾ ಕಣಿವೆಯ ತಳದಿಂದ 35 ಮೀಟರ್ ಮೇಲಿರುತ್ತದೆ. ಅಲ್ಲಿಂದ 400 ಮೀಟರ್ ದೂರದ, ನೆಲದಿಂದ 4 ಮೀಟರ್ ಎತ್ತರದ ನೋಡಿಗೆ ಗೆರೆ ಎಳೆದು ನೋಡಿ. ಮರಗಳ ತಲೆ 14 ಮೀಟರಿನಲ್ಲಿದೆ ಎಂದುಕೊಂಡರೆ, ಅಲೆ ಆ 400ರಲ್ಲಿ 270 ಮೀಟರ್ ಬರಿಯ ಗಾಳಿಯಲ್ಲಿ ಸಾಗಿ, ಕೊನೆಯ 130 ಮೀಟರ್ ಮಾತ್ರ ತೋಟದೊಳಗೆ ಇಳಿಯುತ್ತದೆ. ರಿಸೀವರನ್ನು ಅಲ್ಲಿಗೆ ಒಯ್ದು ಮತ್ತೆ ಅಳೆದಾಗ, -118 ಇದ್ದ ಜಾಗದಿಂದ -95 ಬಂತು. ನೋಡುಗಳಲ್ಲಿ ಒಂದು ತಿರುಪನ್ನೂ ಬದಲಿಸಲಿಲ್ಲ. ನೀರು ಇಳಿಯಲಿ ಎಂದು ಹಿರಿಯರು ಆರಿಸಿದ್ದ ಎತ್ತರವೇ ಸಿಗ್ನಲಿಗೂ ಒದಗಿತು. ವಿದ್ಯುತ್ ಎಲ್ಲಿದೆಯೋ ಅಲ್ಲಿ ಕೇಂದ್ರವನ್ನಿಡುವುದಕ್ಕಿಂತ, ಕೇಂದ್ರ ಎಲ್ಲಿರಬೇಕೋ ಅಲ್ಲಿಗೆ ವಿದ್ಯುತ್ ಒದಗಿಸುವುದು ಅಗ್ಗ ಎಂಬುದೇ ಈ ಕೆಲಸದಲ್ಲಿ ನಾನು ಗಟ್ಟಿಯಾಗಿ ಹೇಳಬಹುದಾದ ಮಾತು.

ತಿರುವಿನ ಆಚೆಯ ಮೂರು ನೋಡುಗಳು ಮಾತ್ರ ಆಗಲೂ -126ರಿಂದ -130ರ ನಡುವೆ ತೂಗಾಡುತ್ತಿದ್ದವು. ನಾನು ಆರಿಸಿದ ಎಸ್‌ಎಫ್9 ಸೆಟ್ಟಿಂಗಿನಲ್ಲಿ ರಿಸೀವರ್ ಕೇಳಬಲ್ಲ ಮಿತಿಯೇ ಸುಮಾರು -129. ಒಣ ದಿನದಲ್ಲಿ ಕೇಳಿಸಿದ್ದು ಆಷಾಢದಲ್ಲಿ ಕೇಳಿಸದು. ಎಲೆಗಳು ತೊಯ್ದಾಗ ನಮ್ಮ ಅಳತೆಯಲ್ಲಿ ಆರೇಳು ಡೆಸಿಬೆಲ್ ಇಳಿಯುತ್ತಿತ್ತು. ಪ್ರತಿ ಕೊಂಡಿಗೂ ಆ ಮಿತಿಗಿಂತ ಕನಿಷ್ಠ 20 ಡೆಸಿಬೆಲ್ ಮಿಗತೆ ಇರಲೇಬೇಕೆಂದು ನಾನು ನಿಯಮ ಹಾಕಿಕೊಂಡಿದ್ದೆ. ಪಂಪ್‌ಹೌಸ್ ಇದಕ್ಕೆ ಪರಿಹಾರವಾಯಿತು. ಅಲ್ಲಿ ವಿದ್ಯುತ್ ಇದೆ, ಮತ್ತು ಅದರ ಛಾವಣಿಯ ಮೇಲೆ ನಿಲ್ಲಿಸಿದ ಕಂಬದ ತುದಿಯಿಂದ ಹಳ್ಳದ ಮೇಲಿನ ತೆರವಿನ ಮೂಲಕ ಟ್ಯಾಂಕಿನ ಗುಡ್ಡ ಕಾಣಿಸುತ್ತದೆ. ಪಂಪ್ ನಿಯಂತ್ರಕ ಹೇಗೂ ಸದಾ ಎಚ್ಚರವಾಗಿರಬೇಕಾದ ಸಾಧನ. ಆ ಮೂರು ನೋಡುಗಳ ಸಂದೇಶವನ್ನು ಕೇಳಿ ಟ್ಯಾಂಕಿಗೆ ದಾಟಿಸುವ ಕೆಲಸವನ್ನೂ ಅದಕ್ಕೇ ವಹಿಸಿದೆ. ಹೀಗೆ ಸ್ಟಾರ್ ಆಗಿ ಆರಂಭವಾದದ್ದು ಒಂದೇ ಕವಲಿನ ಟ್ರೀ, ಅಂದರೆ ಮರದಂತೆ ಕವಲೊಡೆದ ಜಾಲ, ಆಯಿತು. ವಿದ್ಯುತ್ ಹೋದಾಗಲೂ ದಾಟಿಸುವ ಕೆಲಸ ನಿಲ್ಲದಂತೆ 12 ವೋಲ್ಟ್, 7 ಆಂಪ್-ಅವರ್‌ನ ಬ್ಯಾಟರಿ ಇಟ್ಟಿದ್ದೇನೆ. ವೈಫೈ ಬಂದ್ ಮಾಡಿದ ನಿಯಂತ್ರಕ ಚಿಪ್ ಇಎಸ್‌ಪಿ32 ಮತ್ತು ರೇಡಿಯೊ ಸೇರಿ 0.2 ವ್ಯಾಟ್ ಎಳೆಯುವುದರಿಂದ, ಬ್ಯಾಟರಿಯನ್ನು ಅರ್ಧ ಮಾತ್ರ ಬಳಸಿದರೂ ಒಂದು ವಾರ ಕಳೆಯುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದಾಗ ಈ ವಾರದ ಬೆಲೆ ಗೊತ್ತಾಗುತ್ತದೆ.

ರೇಡಿಯೊ ಕೊಳ್ಳುವಾಗ ನೋಡಬೇಕಾದ ಒಂದು ಅಂಶವಿದೆ. ಭಾರತದಲ್ಲಿ ಇಂಥ ಬಳಕೆಗೆ ಪರವಾನಗಿ ಬೇಕಿಲ್ಲದ ಆವರ್ತನ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಅಂಗಡಿಗಳಲ್ಲಿ ಅಮೆರಿಕದ ಬಳಕೆಗಾಗಿ ಮಾಡಿದ 915 ಮೆಗಾಹರ್ಟ್ಸ್‌ನ ಮಾಡ್ಯೂಲುಗಳೂ ಸಿಗುತ್ತವೆ. ಅವು ಇಲ್ಲಿಗೆ ಸಲ್ಲ. ಲೋರಾ ಸಾಧನಗಳ ಸಿದ್ಧ ಜಾಲ ಪದ್ಧತಿಯಾದ ಲೋರಾವ್ಯಾನ್‌ನ, ಎಂಟು ಚಾನೆಲ್ ಕೇಳುವ ಕೇಂದ್ರ ಸಾಧನವಾದ ಗೇಟ್‌ವೇ ಬಳಸದಿರಲು ಕಾರಣ ಅದು ಎಳೆಯುವ ಹಲವು ವ್ಯಾಟ್ ವಿದ್ಯುತ್. ನಮ್ಮ 12 ಸಾಧನಗಳ ಮಾತೆಲ್ಲ ಸೇರಿ ಗಾಳಿಯ ಸಮಯದ ಶೇಕಡಾ 1ನ್ನೂ ತುಂಬುವುದಿಲ್ಲ, 865.4025 ಮೆಗಾಹರ್ಟ್ಸ್‌ನ ಒಂದೇ ಚಾನೆಲ್ ಧಾರಾಳವಾಗಿ ಸಾಕು. ಎರಡು ನೋಡುಗಳು ಪದೇ ಪದೇ ಒಂದೇ ಕ್ಷಣಕ್ಕೆ ಏಳದಂತೆ ಪ್ರತಿ ನಿದ್ರೆಗೂ ಕೆಲವು ಸೆಕೆಂಡುಗಳನ್ನು ಹಿಂದೆ ಮುಂದೆ ಮಾಡಿದ್ದೇನೆ. ವಾಲ್ವ್‌ಗಳು ಎರಡು ನಿಮಿಷಕ್ಕೊಮ್ಮೆ ಎದ್ದು, ತಮ್ಮ ಸ್ಥಿತಿ ತಿಳಿಸಿ, ಆಜ್ಞೆಯೇನಾದರೂ ಇದೆಯೇ ಎಂದು ಕ್ಷಣಕಾಲ ಕೇಳಿ ಮಲಗುತ್ತವೆ. ತೆರೆಯಲು ಮುಚ್ಚಲು ಒಂದು ಹೊಡೆತದ ವಿದ್ಯುತ್ತಷ್ಟೇ ಸಾಕಾಗುವ ಲ್ಯಾಚಿಂಗ್ ಸೊಲೆನಾಯ್ಡ್ ಬಳಸಿದ್ದರಿಂದ ಅವೂ ಬ್ಯಾಟರಿಯಲ್ಲೇ ನಡೆಯುತ್ತವೆ.

ಯಾವ ವಿನ್ಯಾಸವನ್ನು ಆರಿಸಿದರೂ ಕೊಂಡಿ ಒಮ್ಮೆ ಕಡಿಯುವುದು ಖಂಡಿತ. ಆಗ ಪಂಪು ಏನು ಮಾಡಬೇಕು? "ಚಾಲೂ ಆಗು" ಎಂಬ ಆಜ್ಞೆಯೇ ನಮ್ಮ ಜಾಲದಲ್ಲಿಲ್ಲ. ಇರುವುದು "ಇಪ್ಪತ್ತು ನಿಮಿಷ ಓಡು" ಎಂಬುದು ಮಾತ್ರ. ಟ್ಯಾಂಕಿನಲ್ಲಿ ಜಾಗವಿದ್ದರೆ ಕೇಂದ್ರ ಅವಧಿ ಮುಗಿಯುವ ಮೊದಲೇ ಅದನ್ನು ನವೀಕರಿಸುತ್ತದೆ. ನವೀಕರಣ ಬರದಿದ್ದರೆ ಪಂಪು ತಾನಾಗಿ ನಿಲ್ಲುತ್ತದೆ. ಟ್ಯಾಂಕ್ ತುಂಬಿ ಹರಿದು ಧರೆ ಕುಸಿಯುವ ಭಯ ಇದರಿಂದ ತಪ್ಪಿತು. ನೀರಿಲ್ಲದೆ ಓಡುವುದನ್ನು, ಫೇಸ್ ಹೋಗುವುದನ್ನು ಗುರುತಿಸಿ ಮೋಟಾರನ್ನು ನಿಲ್ಲಿಸುವ ತೀರ್ಮಾನ ಪೂರ್ತಿಯಾಗಿ ಪಂಪ್‌ಹೌಸಿನೊಳಗೇ ಆಗುತ್ತದೆ. ಅದು ರೇಡಿಯೊದ ದಾರಿ ಕಾಯುವುದಿಲ್ಲ. ಆಜ್ಞೆಗಳನ್ನು ಎಇಎಸ್-128 ಗೂಢಲಿಪಿಯಲ್ಲಿ, ಪ್ರತಿಸಲ ಏರುವ ಕ್ರಮಸಂಖ್ಯೆಯೊಂದಿಗೆ ಕಳಿಸುತ್ತೇವೆ. ಕ್ರಮಸಂಖ್ಯೆ ಇಲ್ಲದಿದ್ದರೆ, ಯಾರಾದರೂ ಹಳೆಯ ಸಂದೇಶವನ್ನು ಹಿಡಿದಿಟ್ಟು ಮತ್ತೆ ಬಿಟ್ಟರೆ ಮೋಟಾರು ಅದನ್ನೂ ಪಾಲಿಸುತ್ತಿತ್ತು.

ಟ್ಯಾಂಕಿನ ಕೇಂದ್ರದಲ್ಲಿರುವುದು ಒಂದು ಇಎಸ್‌ಪಿ32, ಒಂದು ಲೋರಾ ರೇಡಿಯೊ, ಟ್ಯಾಂಕಿನ ಮಟ್ಟದ ಸೆನ್ಸರ್, 40 ವ್ಯಾಟ್ ಸೌರಫಲಕ ಮತ್ತು 12.8 ವೋಲ್ಟ್, 20 ಆಂಪ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಸರಾಸರಿ ಅರ್ಧ ವ್ಯಾಟ್ ಎಂದರೆ ದಿನಕ್ಕೆ 12 ವ್ಯಾಟ್-ಅವರ್, ಬ್ಯಾಟರಿಯಲ್ಲಿರುವುದು 256. ಶೇಕಡಾ 80ರಷ್ಟು ಬಳಸಿದರೂ ಸೂರ್ಯನ ಮುಖವನ್ನೇ ನೋಡದೆ ಎರಡು ವಾರ ದಾಟಬಹುದು. ಮೋಡದ ಬೆಳಕಿನಲ್ಲಿಯೂ ಫಲಕ ಅಷ್ಟಿಷ್ಟು ಕೊಡುತ್ತಲೇ ಇರುತ್ತದೆ. ಟ್ಯಾಂಕಿನಿಂದ ಮನೆಗೆ ಕಣ್ಣಿಗೆ ಕಾಣುವ ದಾರಿ, 180 ಮೀಟರ್. ಅಲ್ಲಿಗೆ ದಿಕ್ಕು ಹಿಡಿದು ಕೂರಿಸಿದ ಪ್ಯಾನೆಲ್ ಆಂಟೆನಾದ ವೈಫೈ ಸಾಕಾಯಿತು. ನೀರು ಬಿಡುವ ತೀರ್ಮಾನವೆಲ್ಲ ಟ್ಯಾಂಕಿನಲ್ಲೇ ಆಗುವುದರಿಂದ, ಮನೆಯ ಇಂಟರ್ನೆಟ್ ಹೋದರೆ ಫೋನಿಗೆ ಸುದ್ದಿ ಬರುವುದಿಲ್ಲ ಅಷ್ಟೆ, ತೋಟಕ್ಕೆ ನೀರು ತಪ್ಪುವುದಿಲ್ಲ. ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿ ತೆಗೆದು, ಆಂಟೆನಾ ಕೇಬಲಿಗೆ ಸಿಡಿಲು ನಿರೋಧಕ ಹಾಕಿದೆ.

ಪೆಟ್ಟಿಗೆಗಳನ್ನು ಕಟ್ಟುವಾಗ ಮರಕ್ಕೆ ಮೊಳೆ ಹೊಡೆಯಲಿಲ್ಲ. ಸೈಕಲ್ ಟ್ಯೂಬ್ ಸೀಳಿ ಸುತ್ತಿದರೆ ಮರ ದಪ್ಪವಾದಂತೆ ಅದೂ ಹಿಗ್ಗುತ್ತದೆ. ಕೇಬಲ್ ಪೆಟ್ಟಿಗೆಯ ತಳದಿಂದಲೇ ಒಳಹೋಗಬೇಕು, ಹೋಗುವ ಮೊದಲು ಕೆಳಕ್ಕೆ ಬಾಗಿ ಹನಿ ತೊಟ್ಟಿಕ್ಕಲು ಜಾಗ ಇರಬೇಕು. ಕೇಬಲ್ ಹೊಕ್ಕ ಸಂದಿಗೆ ಸಿಲಿಕೋನ್ ತುಂಬದೆ ಬಿಟ್ಟರೆ ಬೆಚ್ಚಗಿನ ಪೆಟ್ಟಿಗೆಯೊಳಗೆ ಇರುವೆಗಳು ಮೊಟ್ಟೆಸಮೇತ ಸಂಸಾರ ಹೂಡುತ್ತವೆ. ಆಂಟೆನಾವನ್ನು ಮರದಿಂದ ಒಂದು ಗೇಣು ಆಚೆ ಚಾಚಿ, ನೆಟ್ಟಗೆ ನಿಲ್ಲಿಸಿ, ಬೀಳುವ ಸೋಗೆ ತಾಗದಂತೆ ಮೇಲೊಂದು ತುಂಡು ಪಿವಿಸಿ ಕವಚ ಹಾಕಿದ್ದೇನೆ. ಎಲ್ಲ ಆಂಟೆನಾಗಳೂ ಲಂಬವಾಗಿಯೇ ಇರಬೇಕು. ಒಂದು ಮಲಗಿದರೆ ಆ ಕೊಂಡಿಯ ಮಿಗತೆಯಲ್ಲಿ ಬಹುಪಾಲು ಅಲ್ಲೇ ಕರಗುತ್ತದೆ.

ಒಂದು ಮಳೆಗಾಲ ಕಳೆದ ಮೇಲೆ ದಾಖಲೆ ತೆಗೆದು ನೋಡಿದಾಗ, ಕೇಂದ್ರಕ್ಕೆ ನೇರವಾಗಿ ಮಾತಾಡುವ ನೋಡುಗಳಲ್ಲಿ ಅತ್ಯಂತ ಕ್ಷೀಣವಾದದ್ದೂ ಸುರಿಯುವ ಮಳೆಯಲ್ಲಿ -105ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಪಂಪ್‌ಹೌಸಿನ ಮೂಲಕ ಬರುವ ಮೂರರಲ್ಲಿ ಆಗೊಮ್ಮೆ ಈಗೊಮ್ಮೆ ಸಂದೇಶ ಬಿಟ್ಟುಹೋಗುವುದಿದೆ, ಏಕೆಂದರೆ ಒಂದನ್ನು ದಾಟಿಸುತ್ತಿರುವ ಕ್ಷಣದಲ್ಲಿ ಆ ರೇಡಿಯೊ ಇನ್ನೊಂದನ್ನು ಕೇಳಲಾರದು. ತೇವಾಂಶದ ಲೆಕ್ಕಕ್ಕೆ ಇದರಿಂದ ತೊಂದರೆಯಿಲ್ಲದ ಕಾರಣ ಅದನ್ನು ಹಾಗೇ ಬಿಟ್ಟಿದ್ದೇನೆ. ಹಳ್ಳದ ಮಟ್ಟ ತಿಳಿಸುವ ನೋಡಿಗೆ ಮಾತ್ರ ಒಪ್ಪಿಗೆಯ ಉತ್ತರ ಬರುವವರೆಗೆ ಮೂರು ಸಲ ಮತ್ತೆ ಕಳಿಸುವ ಅವಕಾಶ ಕೊಟ್ಟೆ. ನೆರೆಯ ಸೂಚನೆ ತಪ್ಪಿಹೋಗಬಾರದು.

ಗುಡ್ಡದಾಚೆಯ ಪಕ್ಕದ ತೋಟದವರೂ ಈಗ ಸೇರಿಕೊಳ್ಳಲು ಕೇಳಿದ್ದಾರೆ. ಅವರ ಕಣಿವೆಯೂ ಅದೇ ಟ್ಯಾಂಕಿನ ಗುಡ್ಡದಿಂದ ಕಾಣುವುದರಿಂದ ಕಂಬ ಮತ್ತು ಬ್ಯಾಟರಿ ಎರಡೂ ತೋಟಕ್ಕೆ ಒದಗುತ್ತವೆ. ಅವರ ನೋಡುಗಳಿಗೆ 865.985 ಮೆಗಾಹರ್ಟ್ಸ್‌ನಲ್ಲಿ ಬೇರೆಯೇ ರಿಸೀವರ್, ಬೇರೆ ಸಿಂಕ್ ವರ್ಡ್ (ಜಾಲವನ್ನು ಗುರುತಿಸುವ ಸಂಕೇತ) ಮತ್ತು ಬೇರೆ ಕೀಲಿ ಇಡುವುದೆಂದು ನಿರ್ಧರಿಸಿದ್ದೇವೆ. ಅವರ ಪಂಪು ಇರುವ ಜಾಗದಿಂದ ಗುಡ್ಡ ಕಾಣುತ್ತದೆಯೇ ಎಂಬುದನ್ನು ದೋಟಿ ಏರಿಸಿ ನೋಡಬೇಕಾಗಿದೆ; ಕೊನೆ ಕೊಯ್ಲು ಮುಗಿದು ದೋಟಿ ಬಿಡುವಾದ ಮೇಲೆ ಆ ಅಳತೆ.